ನಮ್ಮ ದಿನವನ್ನು ಗೊತ್ತು ಮಾಡಿದವರು ಯಾರು?

ಈ ಸಲ ಗೊಬ್ಬರ, ರೋಗ, ರೇಟು ಬಿಟ್ಟು ಬೇರೆ ವಿಷಯ ಬರೀತಿದ್ದೀನಿ. ಸ್ವಲ್ಪ ಉದ್ದ ಐತೆ, ಬಿಡುವಾದಾಗ ಓದಿ.

ವಿಷಯ ಏನಪ್ಪಾ ಅಂದ್ರೆ, ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಜನ ಬೆಳಗಾದರೆ ಎಲ್ಲಿಗೆ ಹೋಗ್ತಿದ್ರು, ಯಾವ ಹೊತ್ತಿಗೆ ಹೋಗ್ತಿದ್ರು, ಯಾವ ಹೊತ್ತಿಗೆ ಮನೆ ಸೇರ್ತಿದ್ರು ಅನ್ನೋದು. ಇದೂ ಒಂದು ಚರಿತ್ರೆನಾ ಅಂತ ಕೇಳಬಹುದು. ರಾಜರು ಎಲ್ಲಿಗೆ ದಂಡೆತ್ತಿ ಹೋದರು ಅನ್ನೋದು ಶಾಲೆ ಪುಸ್ತಕದಲ್ಲಿ ಇರುತ್ತೆ. ನಮ್ಮ ಅಜ್ಜ ಸಂತೆಗೆ ಹೋಗಿ ಬಂದದ್ದು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ನಮ್ಮ ಬದುಕು ನಡೆದಿರೋದು ಅಲ್ಲೇ ಅಲ್ವಾ, ಮನೆಗೂ ಹೊಲಕ್ಕೂ ಕೆರೆಗೂ ಸಂತೆಗೂ ನಡುವೆ.

2010ರಲ್ಲಿ ವಿಜ್ಞಾನಿಗಳು ಹೊರದೇಶದ 50 ಸಾವಿರ ಜನರ ಮೊಬೈಲ್ ದಾಖಲೆ ಹಿಡಿದು, ಒಬ್ಬ ಮನುಷ್ಯ ಯಾವ ಹೊತ್ತಲ್ಲಿ ಎಲ್ಲಿರುತ್ತಾನೆ ಅಂತ ಲೆಕ್ಕ ಹಾಕಿದರು. ನೂರಕ್ಕೆ 93 ಪಾಲು ಮೊದಲೇ ಊಹಿಸೋಕೆ ಸಾಧ್ಯ ಅಂತ ಬಂತು. ಅಂದ್ರೆ ಮನುಷ್ಯ ಹೋದಲ್ಲಿಗೇ ಮತ್ತೆ ಹೋಗ್ತಾನೆ. ಇದು ನಮಗೂ ನಿಜವೇ. ಪೇಟೆಯಲ್ಲಿರೋ ಮಕ್ಕಳು ಫೋನ್ ಮಾಡಿ ‘ಅಪ್ಪಾ ಎಲ್ಲಿದ್ದೀಯಾ’ ಅಂದ್ರೆ ಹತ್ತರಲ್ಲಿ ಒಂಬತ್ತು ಸಲ ಉತ್ತರ ಅವರಿಗೇ ಗೊತ್ತಿರುತ್ತೆ.

ನಾನು ಹೇಳಬೇಕು ಅಂದುಕೊಂಡಿರೋದು ಉಳಿದ ಆ ಏಳು ಪಾಲಿನ ಬಗ್ಗೆ. ದಿನ ಯಾವತ್ತೂ ಒಂದೇ ಥರ ಇರಲ್ಲ, ಏರುಪೇರು ಇದ್ದೇ ಇರುತ್ತೆ. ಆದರೆ ಏರುಪೇರಲ್ಲಿ ಎರಡು ಜಾತಿ. ಒಂದು, ಮುಂಚೇನೇ ಊರಿಗೆಲ್ಲ ಗೊತ್ತಿರೋದು: ಮಳೆಗಾಲಕ್ಕೆ ಒಂದು ಥರ, ಸುಗ್ಗಿಗೆ ಒಂದು ಥರ. ಇನ್ನೊಂದು, ಯಾರೋ ಎಲ್ಲೋ ಕೂತು ಮಾಡಿದ ತೀರ್ಮಾನದಿಂದ ನಮ್ಮ ಮೇಲೆ ಬೀಳೋದು. ನಮ್ಮ ಸೀಮೆಯ ಇನ್ನೂರು ವರ್ಷದ ಓಡಾಟ ನೋಡಿದರೆ ಮೊದಲನೇದು ಕಡಿಮೆಯಾಗ್ತಾ, ಎರಡನೇದು ಜಾಸ್ತಿಯಾಗ್ತಾ ಬಂದಿದೆ.

ದನ ಬಿಡೋ ಹೊತ್ತು

ಗಡಿಯಾರ ಬರೋ ಮುಂಚೆ ನಮ್ಮವರ ಹತ್ತಿರ ಹೊತ್ತು ಹೇಳೋಕೆ ಎಂಥಾ ಮಾತುಗಳಿದ್ದವು ನೋಡಿ. ಕೋಳಿ ಕೂಗೋ ಹೊತ್ತು, ಹಾಲು ಕರೆಯೋ ಹೊತ್ತು, ದನ ಬಿಡೋ ಹೊತ್ತು, ಬುತ್ತಿ ಹೊತ್ತು, ದನ ಮನೆಗೆ ಬರೋ ಹೊತ್ತು, ದೀಪ ಹಚ್ಚೋ ಹೊತ್ತು, ಉಂಡು ಮಲಗೋ ಹೊತ್ತು. ಗೋಧೂಳಿ ಅನ್ನೋ ಮಾತೇ ದನದ ಕಾಲಿನ ಧೂಳಿಂದ ಹುಟ್ಟಿದ್ದು. ದೂರ ಹೇಳೋಕೂ ಹಾಗೇ. ಹತ್ತಿರ ಅಂದ್ರೆ ಕೂಗಳತೆ, ದೂರ ಅಂದ್ರೆ ಹರದಾರಿ. ಒಂದು ಹರದಾರಿ ಅಂದ್ರೆ ಸುಮಾರು 3 ಮೈಲಿ, ಹೆಚ್ಚುಕಮ್ಮಿ ಒಂದು ಗಂಟೆ ನಡಿಗೆ. ಗಾಡಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು.

ಈ ಹೊತ್ತುಗಳು ವರ್ಷಪೂರ್ತಿ ಒಂದೇ ಆಗಿರಲಿಲ್ಲ. ಬೇಸಿಗೆಯಲ್ಲಿ ದನ ಬೇಗ ಬಿಟ್ಟು ಬಿಸಿಲೇರೋ ಮುಂಚೆ ನೆರಳಿಗೆ ಹೊಡೆಯೋರು. ಚಳಿಗಾಲದಲ್ಲಿ ಇಬ್ಬನಿ ಆರಲಿ ಅಂತ ತಡ ಮಾಡೋರು. ರಾಗಿ ಕಣ ಶುರುವಾದ ಮೇಲೆ ಗಂಡಸರು ಮನೇಲೇ ಮಲಗ್ತಿರಲಿಲ್ಲ, ಕಣದಲ್ಲೇ ವಾಸ. ಅಡಿಕೆ ಸುಲಿಯೋ ಕಾಲ ಬಂದರೆ ತರೀಕೆರೆ ಕಡೆ ಹೆಂಗಸರ ರಾತ್ರಿ ಪೂರ್ತಿ ಮೆಟ್ಟುಗತ್ತಿ ಮುಂದೆ. ಆದರೆ ಒಂದು ಗಮನಿಸಿ. ಊರಿಗೆ ಊರೇ ಒಟ್ಟಿಗೆ ಬದಲಾಗ್ತಿತ್ತು. ಇವತ್ತು ಯಾರು ಎಲ್ಲಿದ್ದಾರೆ ಅಂತ ಕಟ್ಟೆ ಮೇಲೆ ಕೂತ ಮುದುಕನೂ ಹೇಳ್ತಿದ್ದ.

ಕಾವಲಿನ ಪಾಠ

ಕಾಲಕ್ಕೆ ತಕ್ಕ ಓಡಾಟ ಅಂದ್ರೆ ಏನು ಅಂತ ತಿಳಿಯೋಕೆ ನಮ್ಮ ಸೀಮೆಗಿಂತ ಒಳ್ಳೆ ಉದಾಹರಣೆ ಇಲ್ಲ. ಅಮೃತ ಮಹಲ್ ಕಾವಲು ಗೊತ್ತಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದಕ್ಕೆ ಬೆಣ್ಣೆ ಚಾವಡಿ ಅಂತ ಹೆಸರಿತ್ತು, ಅರಮನೆಗೆ ಹಾಲು ಬೆಣ್ಣೆ ಒದಗಿಸೋ ಇಲಾಖೆ. ಹೈದರಾಲಿ ಈ ದನಗಳನ್ನ ಫಿರಂಗಿ ಎಳೆಯೋಕೆ ಹಚ್ಚಿದ. ಟಿಪ್ಪು ಅಮೃತ ಮಹಲ್ ಅಂತ ಹೆಸರಿಟ್ಟ. ಹೈದರನ ಸೈನ್ಯ ಈ ಎತ್ತುಗಳ ಬಲದಿಂದ ಎರಡೂವರೆ ದಿನಕ್ಕೆ 100 ಮೈಲಿ ನಡೆದಿತ್ತು ಅಂತ ಮೈಸೂರಿನ ಗೆಜೆಟಿಯರ್ ಹೇಳುತ್ತೆ. ನಮ್ಮ ಗಾಡಿ ಎತ್ತು ದಿನಕ್ಕೆ ಎಷ್ಟು ನಡೆಯುತ್ತೆ ಅಂತ ಗೊತ್ತಿರೋರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಅರ್ಥ ಆಗುತ್ತೆ.

ಈ ದನಗಳನ್ನ ಒಂದೇ ಕಡೆ ಕಟ್ಟಿ ಸಾಕಿದ್ದಲ್ಲ. ಕಾವಲುಗಳನ್ನ ಮೂರು ಥರ ವಿಂಗಡಿಸಿದ್ದರು: ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಬೇಸಿಗೆ ಕಾವಲು ಅಂದ್ರೆ ನೀರು, ನೆರಳು, ಒಂದಿಷ್ಟು ಹಸಿರು ಉಳಿಯೋ ಜಾಗ, ಕೆರೆ ಅಂಗಳದಂಥವು. ಮಳೆ ಬಿದ್ದ ಮೇಲೆ ಬೇರೆ ಕಾವಲು. ದನವೂ ಕಾಯೋರೂ ವರ್ಷಕ್ಕೊಂದು ಸುತ್ತು ಹಾಕ್ತಿದ್ದರು. ಹುಲ್ಲು ಮುಗಿದ ಮೇಲೆ ಹೋಗೋದಲ್ಲ, ಮುಗಿಯೋ ಮುಂಚೆ ಹೋಗೋದು. ಹಿಂದಿನ ಜಾಗಕ್ಕೆ ಮತ್ತೆ ಚಿಗುರೋಕೆ ಟೈಮ್ ಸಿಗ್ತಿತ್ತು.

ಈ ವ್ಯವಸ್ಥೆಯನ್ನ ಮುರಿದಿದ್ದು ಬರ ಅಲ್ಲ, ರೋಗವೂ ಅಲ್ಲ. 1860ರಲ್ಲಿ ಖರ್ಚು ಉಳಿಸೋ ನೆಪದಲ್ಲಿ ಬ್ರಿಟಿಷ್ ಸರ್ಕಾರ ಇಲಾಖೆಯನ್ನೇ ಮುಚ್ಚಿ ದನಗಳನ್ನ ಮಾರಿಬಿಟ್ಟಿತು. ಆಮೇಲೆ ಸೈನ್ಯಕ್ಕೆ ಎತ್ತು ಸಿಗದೆ 1866ರಲ್ಲಿ ಮತ್ತೆ ಶುರು ಮಾಡಿದರು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಬಂದಿದ್ದು 1929ರಲ್ಲಿ. ಇಡೀ ಮೈಸೂರು ಸೀಮೆಯಲ್ಲಿ ಒಂದು ಕಾಲಕ್ಕೆ 4 ಲಕ್ಷ ಎಕರೆಗೂ ಮೀರಿ ಇದ್ದ ಕಾವಲು ಈಗ ಅದರ ಐದನೇ ಒಂದು ಪಾಲೂ ಉಳಿದಿಲ್ಲ. ದನ ಓಡಾಡೋ ದಾರಿಗಳು ಹೊಲದ ಬದುಗಳಲ್ಲಿ ಕರಗಿಹೋದವು. ಇವತ್ತು ನಾಟಿ ದನ ಸಾಕೋನು ಎಲ್ಲಿಗೆ ಹೊಡ್ಕೊಂಡು ಹೋಗಬೇಕು ಅನ್ನೋ ಪ್ರಶ್ನೆ ಇದೆಯಲ್ಲ, ಅದರ ಬೇರು ಇಲ್ಲಿದೆ.

ರೈಲಿನ ಗಂಟೆ

ಬೆಂಗಳೂರಿಂದ ಹರಿಹರಕ್ಕೆ ರೈಲು ಮುಟ್ಟಿದ್ದು 1889ರಲ್ಲಿ. ಅದು ನಮ್ಮ ಕಡೂರು, ಬೀರೂರು, ಅಜ್ಜಂಪುರ, ಶಿವನಿ ಮೇಲೇ ಹೋಯಿತು. ಬೀರೂರಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಕವಲು ದಾರಿ 1899ರಲ್ಲಿ ಬಂತು. ಹತ್ತೇ ವರ್ಷದಲ್ಲಿ ಬೀರೂರು ಜಂಕ್ಷನ್ ಆಯಿತು. ತೆಂಗು, ಅಡಿಕೆ, ಕಾಳುಕಡಿ ವ್ಯಾಪಾರ ಅಲ್ಲಿ ಬೆಳೀತು. ಮಲೆನಾಡಿನ ಅಡಿಕೆ ಗಾಡಿಗಳು ಸ್ಟೇಷನ್ ಕಡೆ ತಿರುಗಿದವು. ಕಡೂರಿಗೂ ಬೀರೂರಿಗೂ ಇರೋ ಐದಾರು ಕಿಲೋಮೀಟರ್ ದಾರಿ ದಿನದ ಓಡಾಟದ ದಾರಿಯಾಗಿದ್ದು ಹೀಗೆ.

ರೈಲು ಸರಕು ಮಾತ್ರ ತರಲಿಲ್ಲ, ಹೊತ್ತನ್ನೂ ತಂತು. ಅದುವರೆಗೆ ಪ್ರತಿ ಊರಿಗೂ ಅದರದೇ ನೆತ್ತಿ ಮೇಲಿನ ಸೂರ್ಯ. ರೈಲಿಗೆ ಮಾತ್ರ ಮದ್ರಾಸ್ ಟೈಮು. 1906ರ ಜನವರಿ 1ರಿಂದ ದೇಶಕ್ಕೆ ಈಗಿನ ಟೈಮ್ ಜಾರಿಗೆ ಬಂತು. ಸಂತೆಗೆ ಹತ್ತು ನಿಮಿಷ ತಡವಾಗಿ ಹೋದರೆ ಏನೂ ನಷ್ಟ ಇರಲಿಲ್ಲ. ರೈಲಿಗೆ ಹತ್ತು ನಿಮಿಷ ತಡವಾದರೆ ಇಡೀ ದಿನ ಹೋಯಿತು. ಹಾಗಾಗಿ ಜನ ರಾತ್ರಿಯೇ ಗಾಡಿ ಕಟ್ಟಿ ಸ್ಟೇಷನ್ ಸೇರಿ, ಅಲ್ಲೇ ಮಲಗಿ, ಬೆಳಗಿನ ಗಾಡಿ ಹತ್ತೋದು ಕಲಿತರು. ಹೊಲದಲ್ಲಿದ್ದೋರು ಮಾತ್ರ ರೈಲನ್ನ ತಮ್ಮ ದಾರಿಗೆ ತಂದುಕೊಂಡರು. ‘ಮಧ್ಯಾಹ್ನದ ಗಾಡಿ ಹೋಯ್ತು, ಎತ್ತು ಬಿಡ್ರೋ’ ಅನ್ನೋ ಮಾತನ್ನ ಹಳಿ ಪಕ್ಕದ ಊರಿನ ಹಿರಿಯರ ಬಾಯಲ್ಲಿ ನೀವೂ ಕೇಳಿರ್ತೀರಿ. ಕೂಗೋ ಕೋಳಿ ಜೊತೆಗೆ ಕೂಗೋ ರೈಲೂ ಸೇರಿಕೊಂಡಿತು.

ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಪುಟ್ಟ ಟ್ರಾಮ್ ರೈಲೂ ಓಡ್ತಿತ್ತು, ಹಳಿಗಳ ನಡುವೆ ಬರೀ 2 ಅಡಿ ಅಗಲ. ಈಗಿನ ಮಕ್ಕಳಿಗೆ ಹೇಳಿದರೆ ನಂಬಲ್ಲ. ಇನ್ನು ಕಡೂರು–ಚಿಕ್ಕಮಗಳೂರು ನಡುವಿನ 46 ಕಿಲೋಮೀಟರ್ ರೈಲಿಗೆ ನಾವು 2013ರವರೆಗೆ ಕಾಯಬೇಕಾಯಿತು.

ಊರು ಬಿಟ್ಟ ವರ್ಷ, ಮನೇಲೇ ಕೂತ ವರ್ಷ

1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಬಂತು. ಮೊದಲು ಬೆಂಗಳೂರು, ಆಮೇಲೆ ಉಳಿದ ಕಡೆ. ರೈಲು ದಾರಿಯಲ್ಲಿ ಜನರ ಜೊತೆ ಕಾಯಿಲೆಯೂ ಓಡಾಡ್ತು. ಆಗಿನ ಔಷಧ ಅಂದ್ರೆ ಊರು ಬಿಡೋದು. ಇಲಿ ಬಿದ್ದ ತಕ್ಷಣ ಊರಿಗೆ ಊರೇ ಹೊಲಕ್ಕೆ ಹೋಗಿ ಗುಡಿಸಲು ಹಾಕೋದು, ತಿಂಗಳುಗಟ್ಟಲೆ ಅಲ್ಲೇ ಇರೋದು. ಪ್ಲೇಗಿನಮ್ಮ ಅಂತ ಎಷ್ಟೋ ಊರಲ್ಲಿ ಗುಡಿಗಳಿರೋದು ಆ ಕಾಲದ ನೆನಪಿಗೇ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದಾಗ ಆದದ್ದು ಇದಕ್ಕೆ ತಿರುವುಮುರುವು. ಅವಾಗ ಮನೆ ಬಿಡಿ ಅಂದ್ರು, ಇವಾಗ ಮನೆ ಬಿಡಬೇಡಿ ಅಂದ್ರು. ಒಂದೇ ರಾತ್ರಿಗೆ ಬಸ್ಸು, ರೈಲು, ಸಂತೆ ಎಲ್ಲಾ ನಿಂತವು. ಬೆಂಗಳೂರಿನ ಮಕ್ಕಳು ಊರಿಗೆ ಬಂದರು. ಆದರೂ ಹೊಲಕ್ಕೆ ಹೋಗೋದು ಮಾತ್ರ ನಿಲ್ಲಲಿಲ್ಲ, ಕೃಷಿ ಕೆಲಸಕ್ಕೆ ಸರ್ಕಾರ ವಿನಾಯಿತಿ ಕೊಡಲೇಬೇಕಾಯಿತು. ದೇಶದ ಓಡಾಟವೆಲ್ಲ ನಿಂತಾಗಲೂ ನಿಲ್ಲದ ಓಡಾಟ ನಮ್ಮದು ಅಂತ ಆವತ್ತು ಗೊತ್ತಾಯಿತು.

ಕಚೇರಿ ದಾರಿ

ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಅಂತಲೇ ಹೆಸರು. 1863ರಲ್ಲಿ ಜಿಲ್ಲೆ ಆದಾಗ ಕಚೇರಿ ಕಡೂರಲ್ಲೇ ಇತ್ತು. 1865ರಲ್ಲಿ ಅದು ಚಿಕ್ಕಮಗಳೂರಿಗೆ ಹೋಯಿತು. ಹೆಸರು ಇಲ್ಲಿ, ಕಚೇರಿ ಅಲ್ಲಿ. ಒಂದು ಅರ್ಜಿ ಕೊಡೋಕೆ ಗಾಡಿ ಕಟ್ಟಿ, ಬುತ್ತಿ ಕಟ್ಟಿ, ಹೋಗೋಕೊಂದು ದಿನ, ಬರೋಕೊಂದು ದಿನ.

ಅಜ್ಜಂಪುರದವರ ಕಥೆಯೂ ಅದೇ. ಪಹಣಿ, ಪೋಡಿ, ಖಾತೆ, ಏನೇ ಆಗಲಿ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ತರೀಕೆರೆಗೆ ಹೋಗಬೇಕಿತ್ತು. ಶಿವನಿ ಕಡೆಯ ಹಳ್ಳಿಯವರಿಗೆ ಇನ್ನೂ ದೂರ. 2017ರ ಬಜೆಟ್‌ನಲ್ಲಿ ಅಜ್ಜಂಪುರ ತಾಲ್ಲೂಕು ಅಂತ ಘೋಷಣೆಯಾದ ಮೇಲೆ ಆ ದಾರಿ ಚಿಕ್ಕದಾಯಿತು. ಆದರೆ ದಾರಿ ಚಿಕ್ಕದಾದರೆ ಸಾಲದು. ‘ನಾಳೆ ಬನ್ನಿ’ ಅನ್ನೋ ಮಾತಿಗೆ ಕಿಲೋಮೀಟರ್ ಲೆಕ್ಕ ಇಲ್ಲ. ಮೂರು ಸಲ ಹತ್ತು ಕಿಲೋಮೀಟರ್ ಹೋಗೋದೂ ಒಂದು ಸಲ ಮೂವತ್ತು ಹೋಗೋದೂ ಒಂದೇ. ಕಳೀತಾ ಇರೋದು ಒಕ್ಕಲುತನದ ದಿನ.

ಬಸ್ಸು, ಹೆಂಗಸರು, ಪಿಕಪ್ಪು

ಹಳೇ ಕಾಲದ ಓಡಾಟ ಅಂತ ಹೇಳುವಾಗ ಹೆಚ್ಚಾಗಿ ಗಂಡಸರ ಓಡಾಟವನ್ನೇ ಹೇಳ್ತೀವಿ. ಹೆಂಗಸರು ಮನೇಲಿದ್ದರು ಅಂತ ಅಂದುಕೊಳ್ತೀವಿ. ಲೆಕ್ಕ ಹಾಕಿದರೆ ಅವರೇ ಜಾಸ್ತಿ ನಡೆದಿರೋದು. ಬಾವಿಗೆ ಎರಡು ಹೊತ್ತು, ಕೆರೆಗೆ ಬಟ್ಟೆ, ಸೌದೆಗೆ ಗುಡ್ಡ, ಹೊಲಕ್ಕೆ ಬುತ್ತಿ, ವಾಪಸ್ ಬರುವಾಗ ತಲೆ ಮೇಲೆ ಹುಲ್ಲಿನ ಹೊರೆ. ಒಂದೊಂದೂ ಸಣ್ಣ ದಾರಿ, ಆದರೆ ದಿನಕ್ಕೆ ಏಳೆಂಟು ಸಲ. ಬೋರು, ನಲ್ಲಿ, ಗ್ಯಾಸು ಬಂದ ಮೇಲೆ ಈ ನಡಿಗೆ ಇಳಿದಿದೆ. ನಮ್ಮ ಕಾಲದಲ್ಲಿ ಆದ ದೊಡ್ಡ ಬದಲಾವಣೆ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳ್ತೀನಿ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಟಿಕೆಟ್ ದುಡ್ಡಿಗೆ ಗಂಡನನ್ನೋ ಮಗನನ್ನೋ ಕೇಳಬೇಕಾದ ಹೆಂಗಸು ಈಗ ಆಧಾರ್ ತೋರಿಸಿ ಆಸ್ಪತ್ರೆಗೆ, ತವರಿಗೆ, ಸಂಘದ ಮೀಟಿಂಗಿಗೆ ಹೋಗಿ ಬರ್ತಾಳೆ. ಇದನ್ನ ಗೇಲಿ ಮಾಡೋರು ಇದ್ದಾರೆ. ಆದರೆ ಸರ್ಕಾರಿ ಬಸ್ಸೇ ಬಾರದ ಊರಿನ ಹೆಂಗಸಿಗೆ ಈ ಯೋಜನೆ ಕಾಗದದ ಮೇಲೆ ಮಾತ್ರ. ಬಸ್ಸು ಬಂದರೂ ಅದು ಶಾಲೆ ಮಕ್ಕಳ ಹೊತ್ತಿಗೋ, ಕಚೇರಿ ಹೊತ್ತಿಗೋ ಬರುತ್ತೆ. ತರಕಾರಿ ಮಾರೋರ ಹೊತ್ತಿಗೆ ಬರಲ್ಲ.

ಕಾಫಿ ಕೊಯ್ಲಿನ ಓಡಾಟವೂ ಬದಲಾಯಿತು. ಹಿಂದೆ ಬಯಲುಸೀಮೆ ಜನ ರಾಗಿ ಕಣ ಮುಗಿಸಿ, ಪಾತ್ರೆ ಪಗಡೆ ಸಮೇತ ಮಲೆನಾಡಿಗೆ ಹೋಗಿ, ತೋಟದ ಲೈನಿನಲ್ಲಿ ತಿಂಗಳುಗಟ್ಟಲೆ ಇದ್ದು ಬರ್ತಿದ್ದರು. ಈಗ ಕತ್ತಲಿರುವಾಗಲೇ ಪಿಕಪ್ಪು, ಜೀಪು ಹತ್ತಿ ಹೋಗಿ ಸಂಜೆ ವಾಪಸ್. ಮನೇಲಿ ಮಲಗ್ತಾರೆ ಅನ್ನೋದು ಒಳ್ಳೇದೇ. ಆದರೆ ಕುರಿ ತುಂಬಿದ ಹಾಗೆ ತುಂಬಿಕೊಂಡು ಹೋಗೋ ಆ ಗಾಡಿ ನೋಡಿದರೆ ಎದೆ ಝಲ್ ಅನ್ನುತ್ತೆ.

ತ್ರೀ ಫೇಸ್ ಹೊತ್ತು

ಈಗ ಎಲ್ಲರಿಗೂ ಗೊತ್ತಿರೋ ವಿಷಯಕ್ಕೆ ಬರ್ತೀನಿ. ಕೆರೆ ನೀರಿನ ಕಾಲದಲ್ಲಿ ನೀರು ಬಿಡೋ ಹೊತ್ತು ನೀರುಗಂಟಿಗೆ ಗೊತ್ತು, ಅವನಿಂದ ಊರಿಗೆ ಗೊತ್ತು. ಮದಗದ ಕೆರೆ, ಅಯ್ಯನಕೆರೆ ಕೆಳಗಿನ ಗದ್ದೆಯವರಿಗೆ ಸರದಿ ಅಂದ್ರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಸರದಿಗೆ ಜಗಳ ಆಗ್ತಿತ್ತು, ಹೊಡೆದಾಟವೂ ಆಗ್ತಿತ್ತು. ಆದರೆ ಜಗಳ ಆಡೋಕೆ ಎದುರಿಗೆ ಒಬ್ಬ ಮನುಷ್ಯ ಇದ್ದ.

ಬೋರ್‌ವೆಲ್ ಬಂದಾಗ ನೀರು ನಮ್ಮ ಕೈಗೆ ಬಂತು ಅಂದುಕೊಂಡ್ವಿ. ನಿಜ ಹೇಳಬೇಕಂದ್ರೆ ನೀರು ಭೂಮಿ ಒಳಗೆ, ಅದರ ಬೀಗದ ಕೈ ಕರೆಂಟಿನವರ ಹತ್ತಿರ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ದಿನಕ್ಕೆ 7 ಗಂಟೆ ತ್ರೀ ಫೇಸ್ ಅನ್ನೋದು ಸರ್ಕಾರದ ಮಾತು. 2023ರ ಬರದಲ್ಲಿ ಅದು 5 ಗಂಟೆಗೆ ಇಳಿದು ಮತ್ತೆ 7ಕ್ಕೆ ಬಂತು. ಎಷ್ಟು ಗಂಟೆ ಅನ್ನೋದು ಒಂದು ಪ್ರಶ್ನೆ, ಯಾವ ಗಂಟೆ ಅನ್ನೋದು ಇನ್ನೂ ದೊಡ್ಡ ಪ್ರಶ್ನೆ. ಒಂದಿಷ್ಟು ದಿನ ಹಗಲು, ಒಂದಿಷ್ಟು ದಿನ ರಾತ್ರಿ. ಅದೂ ಹೇಳಿದ ಹೊತ್ತಿಗೆ ಬಂದರೆ ಪುಣ್ಯ.

ರಾತ್ರಿ ಒಂದು ಗಂಟೆಗೆ ಟಾರ್ಚ್ ಹಿಡಿದು ವಾಲ್ ತಿರುಗಿಸೋಕೆ ಹೋಗೋ ಮನುಷ್ಯನ ದಿನ ಯಾವಾಗ ಶುರು, ಯಾವಾಗ ಮುಗೀತು ಅಂತ ಹೇಳ್ತೀರಿ? ಅಡಿಕೆ ತೋಟದ ಬುಡದಲ್ಲಿ ಹಾವು, ತರೀಕೆರೆ ಕಾಡಂಚಲ್ಲಿ ಚಿರತೆ, ಆನೆ. ಆಟೋ ಸ್ಟಾರ್ಟರ್ ಹಾಕಿ ಮಲಗೋಣ ಅಂದ್ರೆ ವೋಲ್ಟೇಜ್ ಏರುಪೇರಾಗಿ ಮೋಟಾರ್ ಸುಟ್ಟರೆ ರಿವೈಂಡಿಂಗ್ ಖರ್ಚು. ಹೆಂಡತಿಗೂ ನಿದ್ದೆ ಇಲ್ಲ, ಹೋದೋನು ಬರೋವರೆಗೆ ಎದ್ದೇ ಇರ್ತಾಳೆ. ಮಾರನೇ ದಿನ ಹನ್ನೊಂದಕ್ಕೆ ಕಚೇರಿಯಲ್ಲಿ ಸಿಗಿ ಅಂತಾರೆ. ನಮ್ಮ ಅಜ್ಜಂದಿರೂ ರಾತ್ರಿ ಕಣ ಕಾದಿದ್ದಾರೆ, ಈರುಳ್ಳಿ ಕಾದಿದ್ದಾರೆ. ಆದರೆ ಅದು ವರ್ಷಕ್ಕೆ ಇಷ್ಟು ದಿನ ಅಂತ ಇತ್ತು, ಮುಗಿದ ಮೇಲೆ ಹಬ್ಬ ಇತ್ತು. ಈಗಿನ ಜಾಗರಣೆಗೆ ಶಿವರಾತ್ರಿಯೂ ಇಲ್ಲ, ಮಾರನೇ ದಿನದ ಊಟವೂ ಇಲ್ಲ.

ಲೆಕ್ಕದಲ್ಲಿ ನಾವಿಲ್ಲ

2011ರ ಜನಗಣತಿಯಲ್ಲಿ ಒಂದು ಪ್ರಶ್ನೆ ಇತ್ತು: ಮನೆಯಿಂದ ಕೆಲಸದ ಜಾಗ ಎಷ್ಟು ದೂರ, ಯಾವುದರಲ್ಲಿ ಹೋಗ್ತೀರಿ ಅಂತ. ಆ ಲೆಕ್ಕದಲ್ಲಿ ಸಾಗುವಳಿದಾರರು, ಕೃಷಿ ಕೂಲಿಯವರು ಸೇರಿರಲಿಲ್ಲ. ಬೇರೆ ಕೆಲಸದವರಿಗೆ ಮಾತ್ರ ಆ ಪ್ರಶ್ನೆ. ಅಂದ್ರೆ ಗಾರ್ಮೆಂಟ್ಸ್‌ಗೆ ಹೋಗೋರ ದಾರಿ ಸರ್ಕಾರಕ್ಕೆ ಗೊತ್ತು, ಹೊಲಕ್ಕೆ ಹೋಗೋರ ದಾರಿ ಗೊತ್ತಿಲ್ಲ.

2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆ ಸಮೀಕ್ಷೆ ಮಾಡಿತು. ಬೆಳಗಿನ ಜಾವ 4ರಿಂದ ಮಾರನೇ ದಿನ 4ರವರೆಗೆ ಅರ್ಧ ಅರ್ಧ ಗಂಟೆಗೆ ಏನು ಮಾಡಿದಿರಿ ಅಂತ ಬರೆಸಿಕೊಂಡರು. ಮನೆಗೆಲಸ ಮಾಡೋ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 299 ನಿಮಿಷ ಹಾಕ್ತಾರೆ, ಮಾಡೋ ಗಂಡಸರು 97 ನಿಮಿಷ ಅಂತ ಗೊತ್ತಾಗಿದ್ದು ಅದರಿಂದಲೇ. ಒಳ್ಳೆ ಕೆಲಸ. ಆದರೆ ಒಬ್ಬರಿಗೆ ಕೇಳಿದ್ದು ಒಂದೇ ದಿನದ ವಿಚಾರ. ರೈತನ ಒಂದು ದಿನ ಹಿಡಿದು ವರ್ಷ ಹೇಳೋದು ಕಷ್ಟ. ಆರಿದ್ರಾ ಮಳೆ ದಿನ ಕೇಳಿದರೆ ಒಂದು, ಯುಗಾದಿ ಹಿಂದಿನ ದಿನ ಕೇಳಿದರೆ ಇನ್ನೊಂದು, ರಾತ್ರಿ ಕರೆಂಟಿನ ವಾರ ಕೇಳಿದರೆ ಮತ್ತೊಂದು.

ಅದಕ್ಕೇ ಒಂದು ಕೋರಿಕೆ. ಒಂದು ರೂಲ್ ನೋಟ್‌ಬುಕ್ ತಗೊಳ್ಳಿ. ದಿನಕ್ಕೆ ನಾಲ್ಕೇ ಸಾಲು ಬರೀರಿ: ಎದ್ದಿದ್ದು ಎಷ್ಟಕ್ಕೆ, ತ್ರೀ ಫೇಸ್ ಬಂದಿದ್ದು ಹೋಗಿದ್ದು ಎಷ್ಟಕ್ಕೆ, ಊರು ಬಿಟ್ಟು ಎಲ್ಲಿಗೆ ಯಾತಕ್ಕೆ ಹೋಗಿದ್ರಿ, ಕೆಲಸ ಆಯ್ತಾ ಇಲ್ವಾ. ಮನೆಯ ಹೆಂಗಸರ ಓಡಾಟವನ್ನ ಅವರನ್ನೇ ಕೇಳಿ ಇನ್ನೊಂದು ಪುಟದಲ್ಲಿ ಬರೀರಿ. ಒಂದು ಮುಂಗಾರಿಂದ ಇನ್ನೊಂದು ಮುಂಗಾರಿನವರೆಗೆ ಬರೆದರೆ ಸಾಕು. ಊರಲ್ಲಿ ಹತ್ತು ಮನೆಯವರು ಬರೆದರೆ ಅದೇ ಒಂದು ದಾಖಲೆ.

2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರ್‌ಗಳಿಗೇ ಸೋಲಾರ್ ಕೂರಿಸಿ ಹಗಲು ಕರೆಂಟ್ ಕೊಡೋಕೆ ಅವಕಾಶ ಇದೆ. ನಮ್ಮ ಫೀಡರ್‌ಗೆ ಯಾವಾಗ ಅಂತ ಕೇಳೋಕೆ, ಇಷ್ಟು ಹೊತ್ತಿಗೆ ಒಂದು ಬಸ್ಸು ಬಿಡಿ ಅನ್ನೋಕೆ, ಗ್ರಾಮಸಭೆಯಲ್ಲಿ ಬಾಯಿ ಮಾತಿಗಿಂತ ಬರೆದ ಪುಸ್ತಕ ಜೋರಾಗಿ ಮಾತಾಡುತ್ತೆ. ‘ರಾತ್ರಿ ಕರೆಂಟ್ ಕೊಡ್ತಾರೆ ಸಾರ್’ ಅಂದ್ರೆ ಪರಿಶೀಲಿಸ್ತೀವಿ ಅಂತಾರೆ. ಹತ್ತು ಮನೆಯ ಒಂದು ವರ್ಷದ ತಾರೀಖು, ಗಂಟೆ ಮುಂದಿಟ್ಟರೆ ಅಷ್ಟು ಸುಲಭಕ್ಕೆ ಪುಟ ತಿರುಗಿಸೋಕೆ ಆಗಲ್ಲ.

ಇನ್ನೊಂದು. ನಿಮ್ಮ ಮನೇಲಿ ಎಂಬತ್ತು ದಾಟಿದ ಅಜ್ಜ ಅಜ್ಜಿ ಇದ್ದರೆ, ಅವರ ಕಾಲದಲ್ಲಿ ಕಾವಲಿಗೆ ದನ ಹೋಗ್ತಿದ್ದ ದಾರಿ ಯಾವುದು, ಬೀರೂರಿಗೆ ಗಾಡಿ ಕಟ್ಟಿದರೆ ಎಲ್ಲಿ ಎತ್ತು ಬಿಡ್ತಿದ್ದರು, ನೀರಿಗೆ ಯಾವ ಬಾವಿಗೆ ಹೋಗ್ತಿದ್ದರು ಅಂತ ಕೇಳಿ ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದಿಡಿ. ಈ ಮಳೆಗಾಲ ಶುರುವಾಗೋ ಮುಂಚೆ ಕೇಳಿ, ಆಮೇಲೆ ಯಾರಿಗೂ ಪುರುಸೊತ್ತು ಇರಲ್ಲ.